ಬಂದೆಸಾರ್ ಸಾಣೆ ಹಿಡಿದ ಕಲ್ಲು

ಬೀದಿಯ ಜನರೆಲ್ಲ ಅವರನ್ನು ಬಂದೆಸಾರ್ ಎಂದೇ ಕರೆಯುತ್ತಿದ್ದರು. ಜೀವಮಾನವೆಲ್ಲ ಒಂದೇ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ದುಡಿದ ಮನುಷ್ಯ. ಯಾವ ಮೂಲೆಯಿಂದ ಯಾರು ಕೂಗಿದರೂ ‘ಬಂದೆ ಸಾರ್!’ ಎಂದು ಓಡಿದ್ದೇ ಓಡಿದ್ದು. ಕೆಲಸ ಬಿಟ್ಟ ಮೇಲೂ ಆ ಚಾಳಿ ಬಿಡಲಿಲ್ಲ. ಬೀದಿಯಲ್ಲಿ ಯಾರೋ ಆಟೋ ಕರೆದರೆ ಇವರು ಮನೆಯೊಳಗಿಂದ ‘ಬಂದೆ ಸಾರ್’ ಎಂದು ಎದ್ದು ನಿಲ್ಲುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಇದು ಹುಟ್ಟಿದ ಗುಣವೂ ಅಲ್ಲ, ಬೈಸಿಕೊಂಡು ಕಲಿತ ಗುಣ, ಹಾಗಾಗಿ ಇನ್ನೂ ಗಟ್ಟಿ. ಎಡ ಹೆಗಲ ಮೇಲೆ ಒರೆಸುವ ಬಟ್ಟೆಯೊಂದು ಸದಾ ಇರಲೇಬೇಕು. ಆ ಬಟ್ಟೆ ಇಲ್ಲದೆ ಅವರನ್ನು ನೋಡಿದವರು ಅವರ ಹೆಂಡತಿ ಒಬ್ಬರೇ, ಆ ಪುಣ್ಯಾತ್ಗಿತ್ತಿ ತೀರಿಕೊಂಡು ವರ್ಷಗಳಾಗಿದ್ದವು.

ಮನೆಯಲ್ಲಿ ಈಗ ಮೂರು ಜನ. ಮಗ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಮೇಲೆ ಕೆಳಗೆ ಓಡಾಡಿ ಸುಸ್ತಾಗಿ ಬಂದು, ಏನು ಕೇಳಿದರೂ ‘ಹೂಂ’ ಅನ್ನುವ ಗಿರಾಕಿ. ಸೊಸೆಗೆ ಟೆಲಿಫೋನ್ ಕಂಪನಿಯ ದೂರು ವಿಭಾಗದಲ್ಲಿ ಕೆಲಸ. ಊರಿನವರೆಲ್ಲ ಫೋನು ಮಾಡಿ ಅವಳಿಗೆ ಬೈಯಬೇಕು, ಅವಳು ಜೇನು ತೊಟ್ಟಿಕ್ಕುವ ದನಿಯಲ್ಲಿ ‘ಪರವಾಗಿಲ್ಲ ಸರ್, ನಿಮ್ಮ ಕಷ್ಟ ಅರ್ಥವಾಗುತ್ತೆ’ ಅನ್ನಬೇಕು. ಅದೇ ಸಂಬಳ. ಈಗ ಯೋಚನೆ ಮಾಡಿ: ಒಂದೇ ಸೂರಿನಡಿ ಇಬ್ಬರು, ಇಬ್ಬರಿಗೂ ವಿನಯವೇ ಕಸುಬು. ಮದುವೆಯಾಗಿ ವರ್ಷವಾಗುತ್ತ ಬಂದರೂ ಮಾವ ಸೊಸೆ ಮಾತಾಡಿಕೊಳ್ಳುವುದನ್ನು ಕೇಳಿದರೆ ಯಾರೋ ಇಬ್ಬರು ಅಪರಿಚಿತರು ಬಾಗಿಲ ಬಳಿ ‘ನೀವು ಮೊದಲು, ನೀವು ಮೊದಲು’ ಅಂತ ನಿಂತ ಹಾಗೆ ಇರುತ್ತಿತ್ತು. ಇವರು ಏನು ಮಾಡಿದರೂ ಅವಳು ‘ಪರವಾಗಿಲ್ಲ ಮಾವ’. ಬಾಗಿಲಲ್ಲಿ ಕಾಲು ತುಳಿದರೂ ‘ಪರವಾಗಿಲ್ಲ ಮಾವ’. ಒಮ್ಮೆ ಅವಳ ಬಿಳಿ ಅಂಗಿಯ ಜೊತೆ ತಮ್ಮ ಕೆಂಪು ಕರವಸ್ತ್ರ ಒಗೆಯಲು ಹಾಕಿ, ಅಂಗಿ ಗುಲಾಬಿಯಾಗಿ ಬಂದಾಗಲೂ ಅದೇ ಮಾತು, ಅದೇ ಫೋನಿನ ದನಿ.

ಬಂದೆಸಾರ್‌ಗೆ ಆ ದನಿ ಚೆನ್ನಾಗಿ ಗೊತ್ತಿತ್ತು. ತಾವೇ ಅಷ್ಟು ವರ್ಷ ಅದೇ ದನಿಯಲ್ಲಿ ಬದುಕಿದವರಲ್ಲವೇ? ಗಿರಾಕಿಯ ಮುಂದೆ ಒಂದು ದನಿ, ಅಡುಗೆಮನೆಗೆ ಹೋದ ಮೇಲೆ ಇನ್ನೊಂದು. ಈ ಹುಡುಗಿ ತನ್ನ ಮನೆಯಲ್ಲೇ ಅಡುಗೆಮನೆಯ ಕಡೆಗೆ ಹೋಗದೆ ಗಿರಾಕಿಯ ಮುಂದೆಯೇ ನಿಂತುಬಿಟ್ಟಿದ್ದಾಳಲ್ಲ ಎಂಬುದೇ ಅವರಿಗೆ ಸಂಕಟ. ಅವಳಿಗೆ ಇದು ತನ್ನ ಮನೆ ಅನ್ನಿಸಬೇಕು. ಏನಾದರೂ ಮಾಡಿ ಅವಳನ್ನು ಖುಷಿಪಡಿಸಬೇಕು. ಏನು ಮಾಡೋದು?

ಆಗ ಕಣ್ಣಿಗೆ ಬಿದ್ದದ್ದು ಆ ಕಲ್ಲು.

ಅವಳ ಕೋಣೆಯ ಕಿಟಕಿಯ ಹಲಗೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಕಲ್ಲೊಂದು ಇತ್ತು. ಜೇನಿನ ಬಣ್ಣ, ನಡುವೆ ಬಿಳಿಯ ಪಟ್ಟೆ. ಅವಳ ಅಪ್ಪ ಲಾರಿ ಡ್ರೈವರ್ ಆಗಿದ್ದವರು. ಎಲ್ಲೋ ಹೊಳೆಯ ಪಕ್ಕ ಲಾರಿ ಕೆಟ್ಟು ನಿಂತಾಗ ಆರಿಸಿ ತಂದು ಮಗಳ ಕೈಗೆ ಕೊಟ್ಟ ಕಲ್ಲಂತೆ. ಮದುವೆಗೆ ಮುಂಚೆಯೇ ಅವರು ಹೋಗಿಬಿಟ್ಟಿದ್ದರು. ಅಪ್ಪನದು ಅಂತ ಅವಳು ಈ ಮನೆಗೆ ತಂದದ್ದು ಅದೊಂದೇ. ನೀರು ತಾಗಿದರೆ ಮಿಂಚುತ್ತಿತ್ತು, ಒಣಗಿದರೆ ಬೂದಿ ಬಡಿದಂತೆ ಮಂಕಾಗುತ್ತಿತ್ತು. ‘ಇದನ್ನು ಪಾಲಿಶ್ ಮಾಡಿಸಿ ಪದಕ ಮಾಡಿಕೊಟ್ಟರೆ?’ ಎಂಬ ಯೋಚನೆ ಬಂದೆಸಾರ್ ತಲೆಗೆ ಹೊಕ್ಕಿತು. ಮರುಕ್ಷಣವೇ ಇನ್ನೊಂದು, ಅದಕ್ಕಿಂತ ಅಪಾಯದ್ದು: ‘ಮಾಡಿಸೋದೇನು, ನಾನೇ ಮಾಡಿದರೆ?’

“ಅಮ್ಮಾ, ಆ ಕಲ್ಲನ್ನ ನನಗೆ ಕೊಡ್ತೀಯಾ? ನಾನೇ ಕಲಿತು, ನಾನೇ ಪಾಲಿಶ್ ಮಾಡಿ, ಪದಕ ಮಾಡಿ ನಿನ್ನ ಕೈಗೆ ಕೊಡ್ತೀನಿ.”

ಸೊಸೆ ಒಂದು ಗಳಿಗೆ ಕಲ್ಲನ್ನು ನೋಡಿದಳು. ಒಂದು ಗಳಿಗೆ ಮಾವನನ್ನು ನೋಡಿದಳು. “ನಿಮಗ್ಯಾಕೆ ಮಾವ ತೊಂದರೆ?” ಅಂದಳು.

“ತೊಂದರೆ ಏನು ಬಂತು! ಬೇಡ ಅಂದ್ರೆ ಬೇಡ ಅನ್ನು.”

“ಅಯ್ಯೋ ಹಾಗಲ್ಲ… ಪರವಾಗಿಲ್ಲ ಮಾವ. ತಗೊಳ್ಳಿ.”

ಬೇಡ ಎನ್ನಲು ಬಾರದವಳು ‘ಪರವಾಗಿಲ್ಲ’ ಎಂದರೆ ಅದು ಒಪ್ಪಿಗೆಯಲ್ಲ ಎಂದು ಸಣ್ಣ ಮಗುವಿಗೂ ಗೊತ್ತಾಗುತ್ತದೆ. ನಮ್ಮ ಬಂದೆಸಾರ್ ಮಾತ್ರ ಆರ್ಡರ್ ಸಿಕ್ಕ ಖುಷಿಯಲ್ಲಿ ಕಲ್ಲನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಟೇಬಿಟ್ಟರು. ನಿಜಕ್ಕೂ ತಟ್ಟೆಯಲ್ಲೇ. ಕೈಯಲ್ಲಿ ಏನನ್ನಾದರೂ ಬರಿದೇ ಒಯ್ಯುವುದು ಅವರಿಗೆ ಅಭ್ಯಾಸವಿರಲಿಲ್ಲ.

ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಒಬ್ಬ ಹೆಂಗಸು ಹರಳು ಸಾಣೆ ಹಿಡಿಯುವುದನ್ನು ಹೇಳಿಕೊಡುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಸಾಣೆಯಮ್ಮ. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಒಂದು ಬೆಂಚು, ಬೆಂಚಿನ ಮೇಲೆ ಒಂದೇ ದಂಡಕ್ಕೆ ಸಾಲಾಗಿ ಕೂರಿಸಿದ ಸಾಣೆಚಕ್ರಗಳು. ಮೊದಲನೆಯದು ಮರಳಿನಂತೆ ಒರಟು, ಆಮೇಲಾಮೇಲೆ ನುಣುಪು, ಕೊನೆಯಲ್ಲಿ ಬಿಳಿಯ ಪುಡಿ ಬಳಿದ ಚರ್ಮದ ಬಿಲ್ಲೆ. ಎಲ್ಲದರ ಮೇಲೂ ನೀರು ತೊಟ್ಟಿಕ್ಕುತ್ತಿತ್ತು, ಕೆಳಗಿನ ತಟ್ಟೆಯಲ್ಲಿ ಕಲ್ಲಿನ ಕೆಸರು. ಪ್ರತಿ ಚಕ್ರದ ಮೇಲೂ ಒಂದು ಮೊಳೆ, ಮೊಳೆಗೊಂದು ಮಡಿಸಿದ ಶುಭ್ರವಾದ ಬಟ್ಟೆ. ಸಾಣೆಯಮ್ಮನ ಬೆರಳ ತುದಿಗಳು ಅವರ ಹರಳುಗಳಷ್ಟೇ ನುಣ್ಣಗಿದ್ದವು. ಬೆರಳಚ್ಚು ಕೇಳಿದ ಕಡೆಯೆಲ್ಲ ಮಿಷನ್ನು ಅವರನ್ನು ಮನುಷ್ಯರೆಂದೇ ಒಪ್ಪುತ್ತಿರಲಿಲ್ಲವಂತೆ.

“ವಜ್ರದ ಥರ ಮುಖ ಮುಖ ಕತ್ತರಿಸೋದಲ್ಲ ಇದು,” ಎಂದರು ಸಾಣೆಯಮ್ಮ. “ಕ್ಯಾಬೊಶನ್ ಅಂತಾರೆ. ಅಡಿ ಚಪ್ಪಟೆ, ಮೇಲೆ ನುಣ್ಣಗೆ ಉಬ್ಬು. ನೋಡೋಕೆ ಸುಲಭ. ಸುಲಭ ಅಂದ್ಕೊಂಡು ಬಂದವರೆಲ್ಲ ಇಲ್ಲಿ ಅತ್ತಿದಾರೆ.”

“ಆಗ್ಲಿ ಮೇಡಂ. ಎಲ್ಲಿ ಕೂತು ಅಳ್ಬೇಕು ತೋರಿಸಿ,” ಎಂದರು ಬಂದೆಸಾರ್.

ಕಲಿಯುವವರಲ್ಲಿ ಇನ್ನೊಬ್ಬರಿದ್ದರು, ಹಲ್ಲಿನ ಡಾಕ್ಟರು. ಸಣ್ಣ ಚಕ್ರ, ನೀರು, ಪುಡಿ ಎಲ್ಲ ಅವರಿಗೆ ಮೊದಲೇ ಪಳಗಿದ್ದರಿಂದ ಬಂದ ದಿನವೇ ಹರಳು ಮಾಡಿ ಜಂಬದಿಂದ ಬೀಗುತ್ತಿದ್ದರು. “ಕಲ್ಲು ಒಳ್ಳೇದು ಬಂದೆಸಾರ್. ಬಾಯಿ ಮುಚ್ಚಲ್ಲ, ಕಚ್ಚಲ್ಲ, ಉಗುಳಲ್ಲ,” ಅನ್ನುತ್ತಿದ್ದರು.

ಮೊದಲು ಒಡೆದ ಬಾಟಲಿಯ ಗಾಜಿನ ಮೇಲೆ ಅಭ್ಯಾಸ. ಬಂದೆಸಾರ್ ಗಾಜಿನ ಜೊತೆಗೆ ಹೆಬ್ಬೆರಳಿನ ಉಗುರನ್ನೂ ಅರ್ಧ ಸವೆಸಿ, ಗಾಜಿಗಿಂತ ಉಗುರೇ ನುಣ್ಣಗಾಗಿದೆ ಎಂದು ಸಾಣೆಯಮ್ಮನಿಂದ ಹೊಗಳಿಸಿಕೊಂಡರು. ಆಮೇಲೆ ನಿಜವಾದ ಕಲ್ಲು ಹೊರಬಂತು. ಸಾಣೆಯಮ್ಮ ಅದನ್ನು ಬೆಳಕಿಗೆ ಹಿಡಿದು, “ಒಳಗೆ ಬಿರುಕಿದೆ. ಇದನ್ನ ಬಿಟ್ಟು ಬೇರೆ ಕಲ್ಲಲ್ಲಿ ಕಲೀರಿ” ಎಂದರು. “ಇದಕ್ಕೋಸ್ಕರವೇ ಬಂದಿರೋದು ಮೇಡಂ” ಎಂದರು ಇವರು. ಬೆಂಚಿನ ತುದಿಯಲ್ಲಿದ್ದ ಕಲ್ಲು ಕೊಯ್ಯುವ ಗರಗಸಕ್ಕೆ ಒತ್ತಿದರು. ‘ಟಣ್’ ಎಂದಿತು. ಬಿರುಕಿದ್ದ ಕಡೆಯೆಲ್ಲ ಕಲ್ಲು ಪುಡಿಪುಡಿಯಾಗಿ ಕೆಸರಿಗೆ ಬಿತ್ತು; ಕೈಯಲ್ಲಿ ಉಳಿದದ್ದು ಒಂದು ಹೋಳು.

“ಅಯ್ಯಯ್ಯೋ, ಅವರಪ್ಪನ ಕಲ್ಲು!” ಎಂದು ಬಂದೆಸಾರ್ ಅಲ್ಲೇ ಕೂತುಬಿಟ್ಟರು.

“ಇನ್ನೂ ಪದಕಕ್ಕೆ ಸಾಕಾಗುತ್ತೆ ಏಳಿ,” ಎಂದರು ಸಾಣೆಯಮ್ಮ. ಅಳತೆಗೆಂದು ಮೊಟ್ಟೆಯಾಕಾರದ ತೂತುಗಳಿದ್ದ ಒಂದು ತಗಡು ಇತ್ತು, ಅತಿ ದೊಡ್ಡದು ಪದಕದ್ದು, ಆಮೇಲೆ ಉಂಗುರದ್ದು, ಆಮೇಲೆ ಓಲೆಯದ್ದು, ಕೊನೆಗೆ ಹೆಸರೇ ಇಲ್ಲದ ಪುಟಾಣಿ. ಬಂದೆಸಾರ್ ದೊಡ್ಡ ತೂತನ್ನು ಹೋಳಿನ ಮೇಲಿಟ್ಟು ಗೆರೆ ಎಳೆದರು. ಅರಗು ಕಾಯಿಸಿ ಕಲ್ಲನ್ನು ಒಂದು ಕಡ್ಡಿಯ ತುದಿಗೆ ಅಂಟಿಸಿದರು. ಕಡ್ಡಿ ಹಿಡಿದು ಚಕ್ರದ ಮುಂದೆ ಕೂತು, “ಸಾರ್, ಸ್ವಲ್ಪ ಈ ಕಡೆ ತಿರುಗಿ ಸಾರ್” ಎಂದು ಕಲ್ಲಿಗೆ ಮರ್ಯಾದೆಯಿಂದಲೇ ಹೇಳಿದರು. ಕಲ್ಲು ಬಿಸಿಯಾಗಿ, ಅರಗು ಕರಗಿ, ಕಡ್ಡಿ ಬಿಟ್ಟು ಹಾರಿ ಹಲ್ಲಿನ ಡಾಕ್ಟರ ಹಣೆಗೆ ಬಡಿಯಿತು. ಡಾಕ್ಟರು ಜೀವಮಾನದಲ್ಲಿ ಮೊದಲ ಬಾರಿಗೆ ತಾವೇ ‘ಆ’ ಎಂದು ಬಾಯಿ ತೆರೆದರು.

ಇಷ್ಟೆಲ್ಲ ಆದ ಮೇಲೂ ಕಲಿಕೆ ಸಾಗಿತು. ಒಪ್ಪಬೇಕಾದ್ದನ್ನು ಒಪ್ಪಬೇಕು, ಮನುಷ್ಯ ಶ್ರದ್ಧೆಯುಳ್ಳವನೇ. ಸಾಣೆಯಮ್ಮ ಹೇಳಿದ ನಿಯಮ ಒಂದೇ: “ಒರಟು ಚಕ್ರದ ಗೀರನ್ನ ನಂತರದ ಚಕ್ರ ಅಳಿಸಬೇಕು. ಒಂದರಿಂದ ಇನ್ನೊಂದಕ್ಕೆ ಹೋಗೋವಾಗ ಕಲ್ಲು, ಕೈ, ಉಗುರು ಎಲ್ಲ ತೊಳೆದು ಒರೆಸಿ. ಒರಟು ಪುಡಿಯ ಒಂದು ಕಣ ಜೊತೆಗೆ ಬಂದ್ರೂ ಗೀರು ಬೀಳುತ್ತೆ. ಗೀರು ಬಿತ್ತೋ, ಮತ್ತೆ ಹಿಂದಕ್ಕೆ ಹೋಗಿ.”

ಬಂದೆಸಾರ್ ಅಕ್ಷರಶಃ ಪಾಲಿಸಿದರು. ತೊಳೆದರು, ಒರೆಸಿದರು. ಮೊದಲ ಚಕ್ರ, ಎರಡನೆಯದು, ಮೂರನೆಯದು, ಪ್ರತಿಸಲವೂ ತೊಳೆದರು, ಒರೆಸಿದರು. ಚರ್ಮದ ಬಿಲ್ಲೆಗೆ ಬಂದಾಗ ಜೇನಿನ ಬಣ್ಣ ಹೊಮ್ಮಿತು, ಬಿಳಿಯ ಪಟ್ಟೆ ಹಾಲಿನಂತೆ ಕಂಡಿತು. ಖುಷಿಯಿಂದ ಕಿಟಕಿಯ ಬೆಳಕಿಗೆ ಹಿಡಿದರು. ಕಲ್ಲಿನ ನಡು ನೆತ್ತಿಯ ಮೇಲೆ ಬೆಕ್ಕು ಪರಚಿದ ಹಾಗೆ ಉದ್ದನೆಯ ಗೀರು!

“ಹಿಂದಕ್ಕೆ ಹೋಗಿ,” ಎಂದರು ಸಾಣೆಯಮ್ಮ ತಲೆ ಎತ್ತದೆ.

“ಬಂದೆ ಸಾರ್,” ಎಂದು ಬಂದೆಸಾರ್ ಹಿಂದಕ್ಕೆ ಹೋದರು.

ಗೀರು ಹೋಗಬೇಕಾದರೆ ಗೀರಿನಷ್ಟು ಆಳಕ್ಕೆ ಸುತ್ತಲಿನ ಕಲ್ಲೆಲ್ಲ ಸವೆಯಬೇಕು. ಮತ್ತೆ ಒರಟು ಚಕ್ರ, ಮತ್ತೆ ನುಣುಪು ಚಕ್ರ, ಮತ್ತೆ ತೊಳೆಯುವುದು, ಒರೆಸುವುದು, ಮತ್ತೆ ಬೆಳಕಿಗೆ ಹಿಡಿಯುವುದು. ಮತ್ತೆ ಗೀರು. ಒಂದಲ್ಲ, ಈ ಸಲ ಎರಡು. ಪದಕದ ತೂತಿಗೆ ಸಡಿಲವಾದ ಕಲ್ಲು ಉಂಗುರದ ತೂತಿಗೆ ಇಳಿಯಿತು. ಬಂದೆಸಾರ್ ಇನ್ನೂ ಹೆಚ್ಚು ಜಾಗ್ರತೆ ವಹಿಸಿದರು. ಮೊದಲು ಒಂದು ಸಲ ಒರೆಸುತ್ತಿದ್ದದ್ದನ್ನು ಈಗ ಮೂರು ಸಲ ಒರೆಸಿದರು. ಗೀರುಗಳು ಮೂರಾದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಚಕ್ರ ಡೊಂಕು ಅಂದರು, ನೀರು ಗಡಸು ಅಂದರು, ಒಮ್ಮೆ ಡಾಕ್ಟರ ಕಣ್ಣು ಬಿದ್ದಿದೆ ಎಂದೂ ಅಂದರು. ಡಾಕ್ಟರಿಗೆ ಸಿಟ್ಟು ಬಂದು ಬೆಂಚಿನ ಆ ತುದಿಗೆ ಹೋಗಿ ಬೆನ್ನು ಮಾಡಿ ಕೂತರು.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಕಟ್ಟಿದವನು ಸಾಣೆ ಹಿಡಿದಿರಲಾರ. ಬಂದೆಸಾರ್ ಕೈಯೂ ಕೆಸರು, ಬಾಯಿಯೂ ಕೆಸರು, ಮೂಗಿನ ಮೇಲೂ ಕೆಸರು. ಸಂಜೆ ಮನೆಗೆ ಹೋದರೆ ಸೊಸೆ ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಎಷ್ಟೋ ವಾಸಿ ಇತ್ತು. ಅವಳು ಬರೀ ಕಿಟಕಿಯ ಹಲಗೆಯ ಮೇಲಿನ ಖಾಲಿ ಜಾಗವನ್ನು ಒಮ್ಮೆ ನೋಡಿ, ಅಲ್ಲಿ ತನ್ನ ನೀರಿನ ಲೋಟ ಇಡುತ್ತಿದ್ದಳು, ಮತ್ತೆ ತೆಗೆಯುತ್ತಿದ್ದಳು. ಅವಳು ಕೇಳದಿದ್ದರೂ ಇವರೇ ಉತ್ತರ ಕೊಡುತ್ತಿದ್ದರು.

“ಇನ್ನೇನು ಆಯ್ತು ಕಣಮ್ಮ. ಫಿನಿಶಿಂಗ್ ನಡೀತಿದೆ.”

“ಪರವಾಗಿಲ್ಲ ಮಾವ. ನಿಧಾನಕ್ಕೆ ಆಗ್ಲಿ.”

ಫಿನಿಶಿಂಗ್ ಏನು, ಕಲ್ಲೇ ಫಿನಿಶ್ ಆಗುತ್ತಿತ್ತು. ಉಂಗುರದ ತೂತೂ ಸಡಿಲವಾಯಿತು. ಓಲೆಯ ತೂತೂ ಸಡಿಲವಾಯಿತು.

ಕಲ್ಲು ಕೊನೆಯ ಪುಟಾಣಿ ತೂತಿಗೆ ಬಂದ ದಿನ ಸಾಣೆಯಮ್ಮನಿಗೂ ಕುತೂಹಲ ತಡೆಯಲಾಗಲಿಲ್ಲ. ತಮ್ಮ ಕೆಲಸ ಬಿಟ್ಟು, ಕೆಸರು ಸಿಡಿದ ಕನ್ನಡಕವನ್ನು ಮೂಗಿಗೇರಿಸಿಕೊಂಡು, ಬಂದೆಸಾರ್ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು. “ನನ್ನೆದುರಿಗೇ ಮಾಡಿ. ಎಲ್ಲಿ ತಪ್ತಿದೀರಿ ನೋಡೋಣ.”

ಬಂದೆಸಾರ್ ಒರಟು ಚಕ್ರಕ್ಕೆ ಕಲ್ಲು ಹಿಡಿದರು. ಕೈ ಸರಿಯಾಗಿತ್ತು. ತಿರುಗಿಸುವುದು ಸರಿಯಾಗಿತ್ತು. ಉಬ್ಬು ಮುದ್ದಾಗಿ ಬಂತು. ಎದ್ದು ಹೋಗಿ ನಲ್ಲಿಯ ಕೆಳಗೆ ಕಲ್ಲು ತೊಳೆದರು, ಕೈ ತೊಳೆದರು, ಉಗುರಿನ ಸಂದಿಯನ್ನು ಬ್ರಷ್ಷಿನಲ್ಲಿ ತಿಕ್ಕಿದರು. ಎಲ್ಲ ಸರಿಯಾಗಿತ್ತು. ಆಮೇಲೆ ಎಡ ಹೆಗಲಿನ ಬಟ್ಟೆಯನ್ನು ಸೊಗಸಾಗಿ ಎಳೆದು, ಕಲ್ಲನ್ನು ಮಗುವಿನ ಮೂತಿ ಒರೆಸುವ ಹಾಗೆ ಒರೆಸಿ, ಬಟ್ಟೆಯನ್ನು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು.

ಸಾಣೆಯಮ್ಮ ಮೊಳೆಗಳ ಕಡೆ ನೋಡಿದರು. ಪ್ರತಿ ಚಕ್ರಕ್ಕೊಂದರಂತೆ ನೇತುಹಾಕಿದ್ದ ಬಟ್ಟೆಗಳು ಮಡಿಕೆ ಬಿಚ್ಚದೆ ಹಾಗೇ ಇದ್ದವು.

“ಇವನ್ನ ಯಾಕೆ ಮುಟ್ಟಿಲ್ಲ?”

“ಅಷ್ಟು ಶುಭ್ರವಾಗಿವೆ, ಯಾಕೆ ಕೊಳೆ ಮಾಡೋದು ಅಂತ ಮೇಡಂ. ನನ್ನದೇ ಇದೆಯಲ್ಲ.”

“ಒರಟು ಚಕ್ರದ ಹತ್ರಾನೂ ಅದೇ ಬಟ್ಟೇಲಿ ಒರೆಸಿದ್ರಾ?”

“ಮತ್ತಿನ್ಯಾವುದು?”

“ಪಾಲಿಶ್ ಆದ ಮೇಲೂ ಅದೇ?”

“ಅದೇ ಮೇಡಂ. ಗೀರು ಬರ್ತಿದೆ ಅಂತ ಮೂರು ಮೂರು ಸಲ…”

ಬಂದೆಸಾರ್ ಹೆಗಲ ಬಟ್ಟೆಯನ್ನು ತೆಗೆದು ಬೆಳಕಿಗೆ ಹಿಡಿದರು. ಒರಟು ಪುಡಿ ಅದರ ನೂಲು ನೂಲಿನಲ್ಲೂ ಮಿನುಗುತ್ತಿತ್ತು. ಚಕ್ರಗಳು ಅಷ್ಟೆಲ್ಲ ನುಣುಪು ಮಾಡಿದ್ದನ್ನು ಇವರೇ ಪ್ರೀತಿಯಿಂದ ಮೂರು ಮೂರು ಸಲ ಕೆರೆದು ಕೆರೆದು ಹಾಳು ಮಾಡಿದ್ದರು. ಬೆಂಚಿನ ಆ ತುದಿಯಿಂದ ಡಾಕ್ಟರು ನಗಲು ಶುರುಮಾಡಿದವರು, ಇವರ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಮೊಳೆಯ ಬಟ್ಟೆಗಳಿಂದ ಒರೆಸಿ ಮಾಡಿದಾಗ ಒಂದೇ ಸಲಕ್ಕೆ ಕೆಲಸ ಮುಗಿಯಿತು. ಒಂದು ಗೀರಿಲ್ಲ. ಜೇನಿನ ಹನಿಯಂತೆ ಹೊಳೆಯುವ, ನಡುವೆ ಕೂದಲೆಳೆಯಷ್ಟು ಬಿಳಿಯಿರುವ, ಕುಂದಿಲ್ಲದ ಹರಳು. ಗಾತ್ರ ಒಂದು ಬಟಾಣಿ ಕಾಳು. ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ಇಲ್ಲಿ ಇಲಿಗೂ ಗತಿಯಿರಲಿಲ್ಲ.

“ಉಳಿದ ಕಲ್ಲು?” ಎಂದು ಬಂದೆಸಾರ್ ಕೇಳಿದರು, ಉತ್ತರ ಗೊತ್ತಿದ್ದೂ. ಸಾಣೆಯಮ್ಮ ಕೆಸರಿನ ತಟ್ಟೆಯ ಕಡೆ ಬೆರಳು ತೋರಿಸಿದರು.

ಸಾಣೆಯಮ್ಮನಿಗೂ ಕರುಳು ಇಲ್ಲದಿಲ್ಲ. ಒಳಗೆ ಹೋಗಿ ತಮ್ಮ ಡಬ್ಬಿಯಿಂದ ಒಂದು ಹರಳು ತಂದರು. ಅದೇ ಜೇನಿನ ಬಣ್ಣ, ಅದೇ ಬಿಳಿಯ ಪಟ್ಟೆ, ಹೆಬ್ಬೆರಳಷ್ಟು ದಪ್ಪ, ಕನ್ನಡಿಯ ಹೊಳಪು. “ತಗೊಂಡು ಹೋಗಿ ಕೊಡಿ. ಅದೇ ಜಾತಿ ಕಲ್ಲು. ಯಾರಿಗೆ ಗೊತ್ತಾಗುತ್ತೆ? ಹುಡುಗಿ ಖುಷಿಪಡ್ತಾಳೆ, ನಿಮ್ಮ ಜೀವಾನೂ ಉಳಿಯುತ್ತೆ.”

ಬಂದೆಸಾರ್ ಬೇಡ ಎನ್ನಲಿಲ್ಲ. ಎನ್ನಬೇಕಿತ್ತು, ಎನ್ನಲಿಲ್ಲ. ಒಂದು ಜೇಬಿನಲ್ಲಿ ಹೆಬ್ಬೆರಳು, ಇನ್ನೊಂದರಲ್ಲಿ ಬಟಾಣಿ ಇಟ್ಟುಕೊಂಡು ಮನೆಗೆ ನಡೆದರು. ದಾರಿಯುದ್ದಕ್ಕೂ ಬಟಾಣಿಯ ಜೇಬೇ ಭಾರವೆನಿಸುತ್ತಿತ್ತು.

ಸೊಸೆ ಆಗಷ್ಟೇ ಕೆಲಸದಿಂದ ಬಂದು ಮುಖ ತೊಳೆದಿದ್ದಳು. ಬಂದೆಸಾರ್ ತಟ್ಟೆಯಲ್ಲಿ ದೊಡ್ಡ ಹರಳನ್ನಿಟ್ಟು ಮುಂದೆ ಹಿಡಿದರು. ಬಾಯಿಂದ ಮಾತು ಬರಲಿಲ್ಲ. ಬಂದಿದ್ದರೆ ಸುಳ್ಳೇ ಬರುತ್ತಿತ್ತು.

“ತುಂಬಾ ಚೆನ್ನಾಗಿದೆ ಮಾವ. ಥ್ಯಾಂಕ್ಸ್. ಎಷ್ಟು ಕಷ್ಟಪಟ್ಟಿದೀರಿ,” ಎಂದಳು ಸೊಸೆ. ಫೋನಿನ ದನಿ.

ಅವಳು ಹರಳನ್ನು ಕಿಟಕಿಯ ಬಳಿ ಒಯ್ದಳು. ಬೆಳಕಿಗೆ ಹಿಡಿದು ತಿರುಗಿಸಿದಳು. ಬೆನ್ನು ಮಗುಚಿದಳು, ಅಂಚನ್ನು ಉಗುರಿನಿಂದ ಸವರಿದಳು, ಮತ್ತೆ ತಿರುಗಿಸಿದಳು. ಏನನ್ನೋ ಹುಡುಕುತ್ತಿದ್ದಳು.

“ಏನಮ್ಮಾ ಅದು?”

“ಏನಿಲ್ಲ ಮಾವ. ಇಲ್ಲೊಂದು ಸಣ್ಣ ಗುಳಿ ಇತ್ತು. ಅಪ್ಪ ಇದನ್ನ ತಂದಾಗ ಮಿಠಾಯಿ ಅಂತ ಆಟ ಆಡಿಸಿದ್ರು. ನಾನು ನಂಬಿ ಕಚ್ಚಿಬಿಟ್ಟೆ. ನನ್ನ ಹಾಲುಹಲ್ಲು ಮುರೀತು. ಅದು ನನ್ನ ಹಲ್ಲಿನ ಗುರುತು ಅಂತ ಅಪ್ಪ ಎಲ್ಲರಿಗೂ ತೋರಿಸೋರು.” ಅವಳು ನಕ್ಕಳು. “ಪಾಲಿಶಲ್ಲಿ ಹೋಗಿರತ್ತೆ. ಪರವಾಗಿಲ್ಲ.”

ಹಾಲುಹಲ್ಲಿಗೆ ಆ ಕಲ್ಲಿನ ಮೇಲೆ ಗುರುತು ಮಾಡುವ ತಾಕತ್ತಿಲ್ಲ ಎಂದು ಹಲ್ಲಿನ ಡಾಕ್ಟರು ಇದ್ದಿದ್ದರೆ ಹೇಳುತ್ತಿದ್ದರು. ಪುಣ್ಯಕ್ಕೆ ಇರಲಿಲ್ಲ. ಬಂದೆಸಾರ್‌ಗೆ ಕಂಡದ್ದು ಒಂದೇ: ಅವಳು ಪರರ ಕಲ್ಲಿನಲ್ಲಿ ಅಪ್ಪನನ್ನು ಹುಡುಕುತ್ತಿದ್ದಾಳೆ, ತಾನು ತಟ್ಟೆ ಹಿಡಿದು ನೋಡುತ್ತ ನಿಂತಿದ್ದೇನೆ. ತಡೆಯಲಾಗಲಿಲ್ಲ.

“ಅದು ನಿನ್ನ ಕಲ್ಲಲ್ಲ ಕಣಮ್ಮ,” ಎಂದರು. ಜೇಬಿನಿಂದ ಬಟಾಣಿ ತೆಗೆದು ಅಂಗೈ ಚಾಚಿದರು. “ಇದು ನಿನ್ನ ಕಲ್ಲು.”

ಸೊಸೆ ಬಗ್ಗಿ ನೋಡಿದಳು. ಇನ್ನೂ ಬಗ್ಗಿ ನೋಡಿದಳು.

“ಇದಾ?”

“ಅದೇ.”

“ಇಷ್ಟೇನಾ?”

“ಇಷ್ಟೇ.”

“ಉಳಿದಿದ್ದು ಎಲ್ಲಿ?”

“ಕೆಸರಾಯ್ತು,” ಎಂದು ಬಂದೆಸಾರ್ ಬಟ್ಟೆಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಒದರಿಬಿಟ್ಟರು. ಹೇಳಿ ಮುಗಿಸಿ, ‘ಪರವಾಗಿಲ್ಲ ಮಾವ’ ಬರುತ್ತದೆಂದು ತಲೆ ತಗ್ಗಿಸಿ ಕಾದರು.

“ನಿಮಗೆ ಬುದ್ಧಿ ಇದೆಯಾ?!”

ಬಂದೆಸಾರ್ ಬೆಚ್ಚಿ ಹಿಂದೆ ನೋಡಿದರು, ಬೇರೆ ಯಾರಾದರೂ ಬಂದರೇ ಎಂದು. ಯಾರೂ ಇರಲಿಲ್ಲ. ಆ ದನಿ ಸೊಸೆಯದೇ.

“ನಮ್ಮಪ್ಪನ ಕಲ್ಲನ್ನ ಕೆಸರು ಮಾಡಿ ಬಂದ್ರಾ? ಮೇಲಿಂದ ಇನ್ನೊಂದನ್ನ ತಂದು ನನ್ನ ಕೈಗಿಟ್ಟು ಯಾಮಾರಿಸ್ತೀರಾ? ನಾನೇನು ಹುಚ್ಚೀನಾ? ನನಗೆ ಕೊಡೋಕೆ ಮನಸ್ಸೇ ಇರ್ಲಿಲ್ಲ, ಗೊತ್ತಾ? ನೀವು ಕೇಳಿದ್ರಿ, ಬೇಡ ಅನ್ನೋಕಾಗ್ಲಿಲ್ಲ! ಒರೆಸಿದ್ರಂತೆ, ಮೂರು ಸಲ! ಒರೆಸಿ ಒರೆಸಿ ಈ ಮನೇಲಿ ಏನು ಉಳಿಸಿದೀರಾ ನೀವು? ನಾನಿನ್ನೂ ತಿಂತಿರ್ತೀನಿ, ತಟ್ಟೆ ಎತ್ತಿ ಮೇಜು ಒರೆಸಿಬಿಡ್ತೀರಾ! ಎಷ್ಟು ದಿನ ನಾನು ಅರ್ಧ ಹೊಟ್ಟೇಲಿ ಎದ್ದಿದೀನಿ ಗೊತ್ತಾ ನಿಮಗೆ?”

“ಅಯ್ಯೋ, ಹೇಳಬಾರದಿತ್ತಾ…”

“ಸುಮ್ನಿರಿ! ನಾನು ಮಾತಾಡ್ತಿದೀನಿ! ನಿಮ್ಮ ಕಾಫಿ ಕುಡಿಯೋಕಾಗಲ್ಲ, ಸಕ್ಕರೆ ಸುರೀತೀರಾ! ಬೆಳಗ್ಗೆ ಬೆಳಗ್ಗೆ ರೇಡಿಯೋ ಹಾಕಿ ಬೀದಿಗೆಲ್ಲ ಕೇಳಿಸ್ತೀರಾ! ಆ ಬಿಳಿ ಅಂಗಿ ನಾನು ಇಷ್ಟಪಟ್ಟು ತಗೊಂಡಿದ್ದು! ನಾನು ಮಾಡಿದ ಅಡುಗೆ ಹೇಗಿದೆ ಅಂತ ಒಂದು ದಿನ ನಿಜ ಹೇಳಿದೀರಾ? ಸೀದು ಹೋಗಿದ್ರೂ ಚೆನ್ನಾಗಿದೆ, ಹಸಿ ಇದ್ರೂ ಚೆನ್ನಾಗಿದೆ! ನಾನೇನು ನಿಮ್ಮ ಹೋಟ್ಲು ಓನರ್ರಾ?” ಅವಳಿಗೆ ಅಳು ಬಂದಿತ್ತು, ಆದರೂ ನಿಲ್ಲಿಸಲಿಲ್ಲ. “ನಮ್ಮಪ್ಪನೂ ಹೀಗೇ! ಗಡಿಯಾರ ರಿಪೇರಿ ಮಾಡ್ತೀನಿ ಅಂತ ಬಿಚ್ಚಿ ಮುಳ್ಳು ಕಳೆದುಹಾಕಿದ್ರು, ಆಮೇಲೆ ಗೋಡೆಗೆ ಹಾಗೇ ನೇತುಹಾಕಿದ್ರು! ಎಲ್ಲ ನನಗೇ ಗಂಟುಬೀಳ್ತೀರಾ!”

ಅಂಗೈಯ ಬಟಾಣಿಯನ್ನು ಕಿತ್ತುಕೊಂಡು, ಕೋಣೆಗೆ ಹೋಗಿ, ಬಾಗಿಲನ್ನು ಧಡಾರನೆ ಹಾಕಿದಳು. ಗೋಡೆಯ ಸುಣ್ಣ ಸ್ವಲ್ಪ ಉದುರಿತು.

ಬಂದೆಸಾರ್ ಕುರ್ಚಿಯಲ್ಲಿ ಕುಸಿದರು. ಜೀವಮಾನದಲ್ಲಿ ಸಾವಿರಾರು ಗಿರಾಕಿಗಳಿಂದ ಬೈಸಿಕೊಂಡವರು, ಇಂಥ ಬೈಗುಳ ತಿಂದಿರಲಿಲ್ಲ. ನಾಚಿಕೆ, ದುಃಖ, ಪಾಪಪ್ರಜ್ಞೆ ಎಲ್ಲ ಒಟ್ಟಿಗೆ ಬಂದವು. ಅವುಗಳ ಹಿಂದೆಯೇ ಇನ್ನೇನೋ ಕಚಗುಳಿಯಿಡುತ್ತ ಬರುತ್ತಿತ್ತು. ಅದೇನೆಂದು ಅವರಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಮಗ ಬಂದ. “ಏನಾಯ್ತಪ್ಪಾ? ಮುಖ ಯಾಕೆ ಹಾಗಿದೆ?”

“ಬೈದಳು ಕಣೋ.”

“ಯಾರು?”

“ನಿನ್ನ ಹೆಂಡತಿ. ಬುದ್ಧಿ ಇದೆಯಾ ಅಂದಳು.”

ಮಗ ಚಪ್ಪಲಿ ಬಿಚ್ಚುತ್ತಿದ್ದವನು ಹಾಗೇ ನಿಂತ. “ನಿನಗಾ? ನಿಜವಾಗ್ಲೂ?” ಎಂದ. “ನನಗೆ ದಿನಾ ಬೈತಾಳೆ. ನನಗೆ, ಅವಳ ತಂಗಿಗೆ, ಅವಳಮ್ಮನಿಗೆ. ನಿನಗೆ ಬೈದಿರ್ಲಿಲ್ಲ ಅಷ್ಟೇ. ಮನೆಯವರಿಗೆ ಬಿಟ್ಟು ಅವಳು ಯಾರಿಗೂ ಬೈಯಲ್ಲಪ್ಪಾ, ದಿನಾ ಫೋನಲ್ಲಿ ಬೈಸ್ಕೊಂಡು ಬೈಸ್ಕೊಂಡು.”

ಕಣ್ಣು ಒರೆಸಿಕೊಳ್ಳಲು ಬಂದೆಸಾರ್ ಕೈ ಹೆಗಲಿಗೆ ಹೋಯಿತು, ಬಟ್ಟೆ ಸಾಣೆಯಮ್ಮನ ಕೋಣೆಯಲ್ಲೇ ಉಳಿದಿತ್ತು, ಅಂಗಿಯ ತೋಳಿನಲ್ಲೇ ಒರೆಸಿಕೊಂಡರು.

ಊಟದ ಹೊತ್ತಿಗೆ ಬಾಗಿಲು ತೆರೆಯಿತು. ಸೊಸೆಯ ಕಣ್ಣು ಊದಿಕೊಂಡಿತ್ತು. ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋದಳು. ಪಾತ್ರೆಗಳು ಧಡಬಡ ಅಂದವು. ಆಮೇಲೆ ಬಂದು ಬಡಿಸಿದಳು. ಬಲಗೈಯಲ್ಲಿ ಸೌಟು, ಎಡಗೈ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು, ಬಡಿಸಿ ಮುಗಿಯುವವರೆಗೂ ಬಿಚ್ಚಲಿಲ್ಲ. ಮೂವರೂ ಕೂತರು. ಮಗ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಅಗಲಿಸಿ, ಹೆಂಡತಿಯ ಮುಖ ನೋಡಿ, ಗಪ್ಪಾಗಿ ನುಂಗಿದ.

ಬಂದೆಸಾರ್ ಒಂದು ತುತ್ತು ತಿಂದರು. ನಾಲಿಗೆ ಸುರುಟಿಕೊಂಡಿತು. ಅಭ್ಯಾಸದ ‘ಚೆನ್ನಾಗಿದೆ’ ಗಂಟಲಿನವರೆಗೆ ಬಂತು. ಸೊಸೆ ನೆಟ್ಟ ಕಣ್ಣಿನಿಂದ ಅವರನ್ನೇ ನೋಡುತ್ತಿದ್ದಳು. ಅವರು ಅದನ್ನು ನುಂಗಿಕೊಂಡು, ಒಂದು ಗುಟುಕು ನೀರು ಕುಡಿದು, ಎದೆ ಗಟ್ಟಿ ಮಾಡಿಕೊಂಡರು.

“ಉಪ್ಪು ಜಾಸ್ತಿಯಾಗಿದೆ ಕಣಮ್ಮ. ಬಾಯಿಗಿಡೋಕಾಗ್ತಿಲ್ಲ.”

“ಗೊತ್ತು,” ಎಂದಳು ಸೊಸೆ. “ಬೇಕಂತಲೇ ಹಾಕಿದೀನಿ. ತಿನ್ನಿ.”

ಬಂದೆಸಾರ್ ತಿಂದರು. ತಟ್ಟೆ ಖಾಲಿ ಮಾಡಿ ಇನ್ನೊಂದು ಸಲ ಬಡಿಸಿಕೊಂಡರು.